ಕೀಮೋ ನಡುವೆ ಕಣ್ಣು ಮಂಜಾಗುತ್ತಿದೆ: ಕನ್ನಡಕ ಬದಲಿಸಬೇಕೇ, ಕಾಯಬೇಕೇ?

ನಸುಕು:
ಸ್ತನ ಕ್ಯಾನ್ಸರಿಗಾಗಿ ನನಗೆ ಮೂರು ವಾರಕ್ಕೊಮ್ಮೆ ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ನಡೆಯುತ್ತಿದೆ. ಅದರ ಹಿಂದಿನ ದಿನದಿಂದ ಮರುದಿನದವರೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಡುತ್ತಾರೆ. ಈಚೆಗೆ ಕಣ್ಣಿನಲ್ಲಿ ಎರಡು ಬಗೆಯ ತೊಂದರೆ ಶುರುವಾಗಿದೆ. ಒಂದು, ಹೊತ್ತುಗೊತ್ತಿಲ್ಲದೆ ನೀರು ಸುರಿಯುವುದು. ಒರೆಸಿ ಒರೆಸಿ ಕಣ್ಣಿನ ಕೆಳಗಿನ ಚರ್ಮ ಕೆಂಪಾಗಿ ಉರಿಯುತ್ತಿದೆ, ಎದುರಿಗೆ ಕುಳಿತವರು ನಾನು ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಹೇಳತೊಡಗುತ್ತಾರೆ. ಇನ್ನೊಂದು, ಕನ್ನಡಕ ಹಾಕಿಕೊಂಡರೂ ಕಣ್ಣು ಮಂಜು. ಅದೂ ಒಂದೇ ಸಮನಾಗಿಲ್ಲ. ಕೀಮೋ ಆದ ವಾರ ದೂರದ್ದು ತೀರ ಮಸುಕು, ಮುಂದಿನ ಕೀಮೋ ಹತ್ತಿರವಾಗುವ ಹೊತ್ತಿಗೆ ಎಷ್ಟೋ ವಾಸಿ.

ಕನ್ನಡಕದವರು ಪರೀಕ್ಷಿಸಿ, ನಂಬರ್ ಬದಲಾಗಿದೆ, ಹೊಸದು ಮಾಡಿಸಿಕೊಳ್ಳಿ ಎಂದರು. ಮನೆಯವರು ಚಿಕಿತ್ಸೆ ಮುಗಿಯಲಿ ಎನ್ನುತ್ತಾರೆ. ಕ್ಯಾನ್ಸರ್ ವೈದ್ಯರಿಗೆ ಹೇಳೋಣವೆಂದರೆ ಡೋಸ್ ಇಳಿಸಿಬಿಟ್ಟರೆ ಎಂಬ ಅಂಜಿಕೆ. ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ದಾರಿಹೋಕ:
ಮೇಡಂ, ಗಾಬರಿಯಾಗಬೇಡಿ. ನನಗೂ ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಕಾಲದಲ್ಲಿ ಓದುವುದೇ ಕಷ್ಟವಾಗಿತ್ತು, ಕಣ್ಣು ಉರಿಯುತ್ತಿತ್ತು. ಔಷಧ ನಿಲ್ಲಿಸಿದ ಕೆಲವು ತಿಂಗಳಲ್ಲಿ ಎಲ್ಲವೂ ತಾನಾಗಿಯೇ ಸರಿಹೋಯಿತು. ದೇಹ ಇಷ್ಟೆಲ್ಲ ತಾಳಿಕೊಳ್ಳುತ್ತಿರುವಾಗ ಕಣ್ಣನ್ನೂ ಒಂದು ದೊಡ್ಡ ಚಿಂತೆಯಾಗಿಸಿಕೊಳ್ಳಬೇಡಿ. ಮೊದಲು ಜೀವ, ಆಮೇಲೆ ಕನ್ನಡಕ.

ತುಂಬೆಹೂ:
ದಾರಿಹೋಕ ಅವರೇ, ನಿಮ್ಮ ಕಣ್ಣು ಸರಿಹೋದದ್ದು ಸಂತೋಷ. ಆದರೆ ಡೋಸಿಟ್ಯಾಕ್ಸೆಲ್ ತೆಗೆದುಕೊಳ್ಳುತ್ತಿರುವವರಿಗೆ, ಅದರಲ್ಲೂ ನೀರು ಸುರಿಯುತ್ತಿರುವವರಿಗೆ, ಕಾಯಿರಿ ಎಂದು ಹೇಳಬೇಡಿ.

ಕಣ್ಣಿನ ಒಳಮೂಲೆಯಲ್ಲಿ, ಮೇಲಿನ ಮತ್ತು ಕೆಳಗಿನ ರೆಪ್ಪೆಯ ಅಂಚಿನಲ್ಲಿ, ಸೂಜಿಮೊನೆಯಷ್ಟು ಸಣ್ಣ ರಂಧ್ರವಿದೆ. ಕಣ್ಣೀರು ಅಲ್ಲಿಂದ ಸಣ್ಣ ನಾಳಗಳ ಮೂಲಕ ಮೂಗಿಗೆ ಇಳಿಯುತ್ತದೆ. ಡೋಸಿಟ್ಯಾಕ್ಸೆಲ್ ಕಣ್ಣೀರಿನಲ್ಲೂ ಬರುತ್ತದೆ, ಆ ರಂಧ್ರ ಮತ್ತು ನಾಳದ ಒಳಪದರ ಉರಿಯೂತದಿಂದ ಕಿರಿದಾಗುತ್ತದೆ, ಕೆಲವರಲ್ಲಿ ಪೂರ್ತಿ ಮುಚ್ಚಿಕೊಂಡುಬಿಡುತ್ತದೆ. ವಾರಕ್ಕೊಮ್ಮೆ ಔಷಧ ಪಡೆಯುವವರಲ್ಲಿ ಇದು ಹೆಚ್ಚು, ಮೂರು ವಾರಕ್ಕೊಮ್ಮೆ ಪಡೆಯುವವರಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ.

ನನಗೆ ವಾರಕ್ಕೊಮ್ಮೆ ಕೊಡುತ್ತಿದ್ದರು. ನೀರು ಬರುತ್ತದೆ ಎಂದಾಗ ಮೊದಲು ಸಿಕ್ಕ ಉತ್ತರ, ಕೀಮೋದಲ್ಲಿ ಇವೆಲ್ಲ ಇದ್ದದ್ದೇ ಎಂಬುದು. ನಾನು ಬಿಡದೆ ಕೇಳಿ ಕಣ್ಣಿನ ವೈದ್ಯರಿಗೆ ಚೀಟಿ ಬರೆಸಿಕೊಂಡೆ. ಅವರು ಆ ರಂಧ್ರದೊಳಗೆ ಮೊಂಡು ತುದಿಯ ಸೂಜಿ ಇಟ್ಟು ಉಪ್ಪುನೀರು ಬಿಟ್ಟರು. ನಾಳ ತೆರೆದಿದ್ದರೆ ಗಂಟಲಲ್ಲಿ ಉಪ್ಪಿನ ರುಚಿ ತಿಳಿಯಬೇಕು. ಬಲಗಣ್ಣಿನದು ತಿಳಿಯಿತು. ಎಡಗಣ್ಣಿನದು ಬಹುಪಾಲು ವಾಪಸು ಕೆನ್ನೆಯ ಮೇಲೆಯೇ ಹರಿಯಿತು. ಇನ್ನೂ ಎಳೆಯಷ್ಟು ದಾರಿ ಉಳಿದಿದ್ದರಿಂದ ಸಣ್ಣ ಸಿಲಿಕೋನ್ ಕೊಳವೆ ಹಾಕಿ, ಕೀಮೋ ಮುಗಿದ ಮೇಲೆ ತೆಗೆದರು. ಈಗ ಎರಡೂ ಕಣ್ಣು ಸರಿಯಾಗಿವೆ. ನಾಳ ಪೂರ್ತಿ ಮುಚ್ಚಿದ್ದರೆ ಕೊಳವೆ ಹಾಕಲು ದಾರಿಯೇ ಇರುತ್ತಿರಲಿಲ್ಲ, ಕಣ್ಣಿನಿಂದ ಮೂಗಿಗೆ ಗಾಜಿನ ನಳಿಕೆ ಇಟ್ಟು ಬೇರೆ ದಾರಿ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. ಅಕ್ಕ, ಈ ವಾರವೇ ತೋರಿಸಿ.

ಹೊಂಗೆನೆರಳು:
ನಾನು ಕಣ್ಣಿನ ಆಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ವೈದ್ಯಳಲ್ಲ, ಆದರೆ ಈ ಬಗೆಯ ರೋಗಿಗಳನ್ನು ನಿತ್ಯ ನೋಡುತ್ತೇನೆ. ತುಂಬೆಹೂ ಅವರು ನೀರಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಮಂಜಿನ ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಸುಕು ಅವರೇ, ಕೀಮೋ ಆದ ವಾರ ದೂರದ್ದು ಮಸುಕು, ಆಮೇಲೆ ವಾಸಿ ಎಂದಿರಿ. ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಇದು. ಡೋಸಿಟ್ಯಾಕ್ಸೆಲ್ ಜೊತೆಗೆ ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂನಂತೆ 3 ದಿನ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಮೊದಲು ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಏರಿಸಬಹುದು. ಸಕ್ಕರೆ ಏರಿದಾಗ ಕಣ್ಣಿನ ಮಸೂರದಲ್ಲಿ ನೀರಿನಂಶದ ಸಮತೋಲ ತಪ್ಪಿ ಅದರ ಶಕ್ತಿ ಬದಲಾಗುತ್ತದೆ. ಹೆಚ್ಚಿನವರಲ್ಲಿ ಮೈನಸ್ ನಂಬರ್ ಕಡೆಗೆ ಸರಿಯುತ್ತದೆ, ಅಂದರೆ ದೂರದ್ದು ಮಸುಕಾಗಿ ಹತ್ತಿರದ್ದು ಪರವಾಗಿಲ್ಲ ಎನಿಸುತ್ತದೆ. ಸಕ್ಕರೆ ಇಳಿದಾಗ ಮತ್ತೆ ಹಿಂದಕ್ಕೆ ಸರಿಯುತ್ತದೆ. ಅಂಥ ದಿನ ಅಳೆದ ನಂಬರಿಗೆ ಕನ್ನಡಕ ಮಾಡಿಸಿದರೆ ಅದು ಆ ದಿನಕ್ಕಷ್ಟೇ ಸರಿ. ಆದ್ದರಿಂದ ಕನ್ನಡಕದ ಮಟ್ಟಿಗೆ ನಿಮ್ಮ ಮನೆಯವರ ಮಾತು ಸರಿ. ಸ್ಟೀರಾಯ್ಡ್ ನಿಂತು, ಸಕ್ಕರೆ ಕೆಲವು ವಾರ ಸ್ಥಿರವಾದ ಮೇಲೆ ಅಳೆಸಿಕೊಳ್ಳಿ.

ಆದರೆ ಕನ್ನಡಕಕ್ಕೆ ಕಾಯುವುದು ಬೇರೆ, ಕಣ್ಣಿನ ಪರೀಕ್ಷೆಗೆ ಕಾಯುವುದು ಬೇರೆ. ಸ್ಟೀರಾಯ್ಡ್‌ನಿಂದ ಕಣ್ಣಿನ ಒಳಗಿನ ಒತ್ತಡವೂ ಏರಬಹುದು. ಸಾಮಾನ್ಯ ಒತ್ತಡ 10 ರಿಂದ 21 ಮಿಲಿಮೀಟರ್ ಪಾದರಸದಷ್ಟು. ಅದು ಏರಿದರೆ ನೋವಿರುವುದಿಲ್ಲ, ಕೆಂಪಾಗುವುದಿಲ್ಲ, ನೋಟವೂ ಬಹುಕಾಲ ಚೆನ್ನಾಗಿಯೇ ಇರುತ್ತದೆ, ಒಳಗೆ ಮಾತ್ರ ನರ ಸವೆಯುತ್ತಿರುತ್ತದೆ. ಅಳೆಯದೆ ಅದನ್ನು ತಿಳಿಯುವ ದಾರಿಯಿಲ್ಲ. ಸ್ಟೀರಾಯ್ಡ್ ಹೆಚ್ಚು ಕಾಲ ನಡೆದರೆ ಮಸೂರದ ಹಿಂಭಾಗದ ನಡುವಿನಲ್ಲಿ ಪೊರೆಯೂ ಬರಬಹುದು. ಅದು ಬಂದವರಿಗೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಮಬ್ಬು ಬೆಳಕಿನಲ್ಲಿ ಎಷ್ಟೋ ಹಾಯೆನಿಸುತ್ತದೆ, ದೂರದ್ದಕ್ಕಿಂತ ಓದುವುದೇ ಹೆಚ್ಚು ಕಷ್ಟವಾಗುತ್ತದೆ.

ನಸುಕು:
ಬಹಳ ಉಪಕಾರವಾಯಿತು. ಬಿಸಿಲಿನಲ್ಲಿ ಕಣ್ಣು ಕುಕ್ಕುವುದು ನನಗೂ ಇದೆ. ರೆಪ್ಪೆಗೂದಲು ಪೂರ್ತಿ ಉದುರಿರುವುದರಿಂದ ಹಾಗೆಂದುಕೊಂಡಿದ್ದೆ. ಸಕ್ಕರೆಯನ್ನು ಕೀಮೋ ದಿನದ ರಕ್ತಪರೀಕ್ಷೆಯಲ್ಲಿ ನೋಡುತ್ತಾರೆ, ಆಗ ಸರಿಯಾಗಿಯೇ ಇರುತ್ತದೆ.

ಹೊಂಗೆನೆರಳು:
ರಕ್ತವನ್ನು ಯಾವಾಗ ತೆಗೆಯುತ್ತಾರೆ ಎಂಬುದನ್ನು ಗಮನಿಸಿ. ಸ್ಟೀರಾಯ್ಡ್ ಶುರುವಾಗುವ ಮುಂಚೆ, ಅಥವಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದರೆ ಸರಿಯಾಗಿಯೇ ಕಾಣಬಹುದು. ಡೆಕ್ಸಾಮೆಥಾಸೋನ್‌ನಿಂದ ಏರುವ ಸಕ್ಕರೆ ಹೆಚ್ಚಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ ಕಾಣಿಸಿಕೊಳ್ಳುತ್ತದೆ. ಮಾತ್ರೆ ತೆಗೆದುಕೊಳ್ಳುವ ದಿನ ಊಟವಾದ ಎರಡು ಗಂಟೆಯ ಮೇಲೆ ಒಮ್ಮೆ ನೋಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ದಾರಿಹೋಕ:
ನಾನು ಹೇಳಿದ್ದಕ್ಕೂ ಅರ್ಥವಿದೆ ಎಂದು ಈಗಲೂ ನಂಬುತ್ತೇನೆ. ಚಿಕಿತ್ಸೆಯ ನಡುವೆ ಪ್ರತಿಯೊಂದು ತೊಂದರೆಯನ್ನೂ ದೊಡ್ಡದು ಮಾಡಿ ಹೇಳಿದರೆ ಔಷಧವನ್ನು ಮುಂದೂಡುತ್ತಾರೆ, ಡೋಸ್ ಕಡಿಮೆ ಮಾಡುತ್ತಾರೆ. ನನ್ನ ಜೊತೆ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬರಿಗೆ ಕೈಕಾಲು ಉರಿಯುತ್ತದೆ ಎಂದದ್ದಕ್ಕೆ ಡೋಸ್ ಇಳಿಸಿದರು, ಆಮೇಲೆ ಅವರು ದಿನವೂ ಅದನ್ನೇ ನೆನೆದು ಕೊರಗುತ್ತಿದ್ದರು. ಕಣ್ಣು ಸ್ವಲ್ಪ ಮಂಜಾದರೆ ಜೀವ ಹೋಗುವುದಿಲ್ಲ, ಕ್ಯಾನ್ಸರಿನಿಂದ ಹೋಗುತ್ತದೆ.

ಕಡಲಹಕ್ಕಿ:
ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಮಾತನ್ನು ನಾನು ಒಪ್ಪಲಾರೆ. ನಮ್ಮ ಯಜಮಾನರು ಇದೇ ಭಯದಿಂದ ಎಷ್ಟೋ ವಿಷಯಗಳನ್ನು ವೈದ್ಯರಿಂದ ಮುಚ್ಚಿಡುತ್ತಿದ್ದರು. ಹೇಳಿದ ಮಾತ್ರಕ್ಕೆ ಔಷಧ ನಿಲ್ಲಿಸುತ್ತಾರೆ ಎಂಬುದು ಎಲ್ಲ ಸಲ ನಿಜವಲ್ಲ. ಬಹಳಷ್ಟು ಕಣ್ಣಿನ ತೊಂದರೆಗಳಿಗೆ ಹನಿ ಹಾಕಿ, ಒತ್ತಡ ಇಳಿಸಿ, ಕೊಳವೆ ಇಟ್ಟು, ಕ್ಯಾನ್ಸರ್ ಔಷಧವನ್ನು ಹಾಗೆಯೇ ಮುಂದುವರಿಸುತ್ತಾರೆ. ತುಂಬೆಹೂ ಅವರಿಗೆ ಆದದ್ದೂ ಅದೇ. ಡೋಸ್ ಬಗ್ಗೆ ತೀರ್ಮಾನಿಸಬೇಕಾದಾಗ ವೈದ್ಯರು ಪೂರ್ತಿ ವಿಷಯ ತಿಳಿದು ತೀರ್ಮಾನಿಸಲಿ. ಅರ್ಧ ಮುಚ್ಚಿಟ್ಟರೆ ಆ ತೀರ್ಮಾನ ನಮ್ಮ ಪಾಲಿಗೂ ಅರ್ಧವೇ ಆಗುತ್ತದೆ.

ಮರಳುದಂಡೆ:
ಕಡಲಹಕ್ಕಿ ಅವರ ಮಾತಿಗೆ ಒಂದು ಸೇರ್ಪಡೆ. ಕೆಲವು ಹೊಸ ಔಷಧಗಳಲ್ಲಿ ಕಣ್ಣಿನ ಸ್ಥಿತಿ ನೋಡಿಕೊಂಡು ಡೋಸ್ ನಿಲ್ಲಿಸಿ ಮತ್ತೆ ಶುರುಮಾಡುವುದೇ ಚಿಕಿತ್ಸೆಯ ಕ್ರಮ. ಮಯಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರಿಗೆ 2020ರಲ್ಲಿ ಬಂದ ಬೆಲಾಂಟಾಮ್ಯಾಬ್ ಮಾಫೊಡೊಟಿನ್, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲ್ಪದರದಲ್ಲಿ ಸೂಕ್ಷ್ಮ ಗುಳ್ಳೆಗಳಂಥ ಬದಲಾವಣೆ ತರುತ್ತದೆ. ನನ್ನ ಸೋದರಮಾವನಿಗೆ ಅದನ್ನು ಕೊಟ್ಟಾಗ ಮುಂದಿನ ಡೋಸಿಗೆ ಮುಂಚೆ ಕಣ್ಣಿನ ವರದಿ ಬೇಕೇ ಬೇಕಿತ್ತು. ಒಮ್ಮೆ ದೃಷ್ಟಿ ಬಹಳ ಇಳಿದಿತ್ತು, ಡೋಸ್ ಮುಂದೂಡಿದರು, ಕಾರ್ನಿಯಾ ಚೇತರಿಸಿಕೊಂಡ ಮೇಲೆ ಮತ್ತೆ ಕೊಟ್ಟರು. ಡೋಸ್ ಮುಂದೂಡಿದರೆ ಚಿಕಿತ್ಸೆ ಸೋತಿತು ಎಂದು ತಿಳಿಯಬೇಕಾಗಿಲ್ಲ.

ದಾರಿಹೋಕ:
ಈ ಔಷಧಗಳ ಬಗ್ಗೆ ನನಗೆ ಹೆಚ್ಚು ತಿಳಿದಿಲ್ಲ, ಆದ್ದರಿಂದ ವಾದಿಸುವುದಿಲ್ಲ. ಆದರೂ ಕೇಳುತ್ತೇನೆ: ನನ್ನ ಕಣ್ಣುರಿ ತಾನಾಗಿಯೇ ಹೋಯಿತಲ್ಲ, ಅದು ಹೇಗೆ? ನನಗೆ ಕೊಡುತ್ತಿದ್ದುದು ಕೆಪೆಸಿಟಬೀನ್.

ಹೊಂಗೆನೆರಳು:
ಕೆಪೆಸಿಟಬೀನ್ ದೇಹದೊಳಗೆ 5-ಫ್ಲೂರೋಯುರಾಸಿಲ್ ಆಗಿ ಬದಲಾಗುತ್ತದೆ. ಅದು ಕಣ್ಣಿನ ಮೇಲ್ಪದರವನ್ನು ಕೆರಳಿಸುತ್ತದೆ. ಹಾಗೆ ಕೆರಳಿದ್ದು ಔಷಧ ನಿಂತಾಗ ಶಮನವಾಗುವುದು ಸಹಜ, ನಿಮಗೆ ಆದದ್ದೂ ಬಹುಶಃ ಅದೇ. ಆದರೆ 5-ಫ್ಲೂರೋಯುರಾಸಿಲ್ ಕೂಡ ಕೆಲವರಲ್ಲಿ ಕಣ್ಣೀರಿನ ನಾಳವನ್ನು ಮುಚ್ಚುತ್ತದೆ, ಅದು ಔಷಧ ನಿಂತ ಮಾತ್ರಕ್ಕೆ ತೆರೆದುಕೊಳ್ಳುವುದಿಲ್ಲ. ಕೆರಳಿಕೆ ತಾನಾಗಿ ಇಳಿಯುತ್ತದೆ, ಗಾಯವಾಗಿ ಅಂಟಿಕೊಂಡದ್ದು ಬಿಡಿಸಿಕೊಳ್ಳುವುದಿಲ್ಲ. ಹೊರಗಿನಿಂದ ನೋಡಿದರೆ ಎರಡರಲ್ಲೂ ಕಣ್ಣೀರೇ ಕಾಣುತ್ತದೆ, ಆದ್ದರಿಂದಲೇ ಒಬ್ಬರ ಅನುಭವ ಇನ್ನೊಬ್ಬರಿಗೆ ಅಳತೆಯಾಗದು.

ನೀಲಿಶಾಯಿ:
ನನಗೆ ಸ್ತನ ಕ್ಯಾನ್ಸರಿನ ಮಾತ್ರೆ ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ನಡೆಯುತ್ತಿದೆ. ಅದರಿಂದ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಹರಳು ಕೂರುತ್ತದೆ ಎಂದು ಓದಿದ ಮೇಲೆ ಮಾತ್ರೆ ನುಂಗುವಾಗಲೆಲ್ಲ ಅದೇ ಯೋಚನೆ. ಕೆಲವು ದಿನ ನಿಲ್ಲಿಸಿ ನೋಡಲೇ ಎನಿಸುತ್ತಿದೆ.

ತುಂಬೆಹೂ:
ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ.

ಹೊಂಗೆನೆರಳು:
ನೀಲಿಶಾಯಿ ಅವರೇ, ಹರಳು ಕೂರುವುದು ನಿಜ, ಆದರೆ ಅದು ಹೆಚ್ಚಾಗಿ ಕಂಡುಬಂದದ್ದು ಹಿಂದೆ ಬಹಳ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದಾಗ. ದಿನಕ್ಕೆ 20 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ ಅಪರೂಪ. ಶುರುವಿನಲ್ಲೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿಕೊಂಡಿದ್ದರೆ ಮುಂದೆ ಹೋಲಿಸಿ ನೋಡಲು ಅನುಕೂಲ. ಈಗ ಓಸಿಟಿ ಸ್ಕ್ಯಾನ್ ಇದೆ, ಗಲ್ಲ ಇಟ್ಟು ಕೆಲವು ಕ್ಷಣ ದೀಪ ನೋಡಿದರೆ ರೆಟಿನಾದ ಪದರಗಳೆಲ್ಲ ಕಾಣುತ್ತವೆ, ಸೂಜಿ ಇಲ್ಲ, ನೋವಿಲ್ಲ. ಮನೆಯಲ್ಲಿ ವಾರಕ್ಕೊಮ್ಮೆ ಒಂದೊಂದು ಕಣ್ಣು ಮುಚ್ಚಿ ಚೌಕುಳಿ ಕಾಗದದ ನಡುವಿನ ಚುಕ್ಕೆಯನ್ನು ನೋಡಿ. ಗೆರೆಗಳು ಡೊಂಕಾಗಿ ಕಂಡರೆ ಅಥವಾ ನಡುವೆ ಅಳಿಸಿಹೋದಂತಿದ್ದರೆ ತೋರಿಸಿ. ಅದಿಲ್ಲದಿದ್ದರೆ ನಿಶ್ಚಿಂತೆಯಿಂದ ಮಾತ್ರೆ ಮುಂದುವರಿಸಿ.

ಹಳೆಯಓದುಗ:
ನಸುಕು ಅವರಿಗೆ ಮುಂದೆ ವಿಕಿರಣ ಚಿಕಿತ್ಸೆಯೂ ಇರಬಹುದಲ್ಲವೇ? ವಿಕಿರಣದಿಂದ ಕಣ್ಣಿಗೆ ಪೊರೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನೂ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಲ್ಲುಹೂವು:
ಹಳೆಯಓದುಗ ಅವರೇ, ಇದನ್ನು ತಿದ್ದಲೇಬೇಕು. ವಿಕಿರಣವನ್ನು ಯಾವ ಭಾಗಕ್ಕೆ ಕೊಡುತ್ತಾರೋ ಆ ಭಾಗಕ್ಕೆ ಅದರ ಪರಿಣಾಮ. ಎದೆಗೆ ಕೊಡುವ ವಿಕಿರಣದಲ್ಲಿ ಕಣ್ಣಿಗೆ ತಲುಪುವ ಪ್ರಮಾಣ ತೀರ ಅಲ್ಪ. ಅದಕ್ಕಾಗಿ ಅವರನ್ನು ಹೆದರಿಸಬೇಡಿ. ಕಣ್ಣಿನ ಪ್ರಶ್ನೆ ಬರುವುದು ತಲೆ, ಮೂಗು, ಮೂಗಿನ ಪಕ್ಕದ ಕುಳಿಗಳು, ಕಣ್ಣಿನ ಗೂಡು ಇವುಗಳ ಚಿಕಿತ್ಸೆಯಲ್ಲಿ, ಮತ್ತು ಮೂಳೆಮಜ್ಜೆ ಕಸಿಗೆ ಮುಂಚೆ ಇಡೀ ದೇಹಕ್ಕೆ ವಿಕಿರಣ ಕೊಟ್ಟಾಗ.

ನನ್ನದು ಮೂಗಿನ ಪಕ್ಕದ ಕುಳಿಯ ಗೆಡ್ಡೆ. ಚಿಕಿತ್ಸೆಗೆ ಮುಂಚೆಯೇ ವೈದ್ಯರು ಕಂಪ್ಯೂಟರಿನಲ್ಲಿ ನಕ್ಷೆ ತೋರಿಸಿ, ಯಾವ ಭಾಗಕ್ಕೆ ಎಷ್ಟು ಬೀಳುತ್ತದೆ ಎಂದು ವಿವರಿಸಿದರು. ಕಣ್ಣಿನ ಮಸೂರ ಬಹಳ ಸೂಕ್ಷ್ಮ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2011ರಲ್ಲಿ ಪೊರೆ ಬರಬಹುದಾದ ಮಿತಿಯನ್ನು 0.5 ಗ್ರೇಗೆ (ಗ್ರೇ ಎಂದರೆ ವಿಕಿರಣವನ್ನು ಅಳೆಯುವ ಮಾನ) ಇಳಿಸಿತು. ಆದರೆ ಪೊರೆ ಬಂದರೆ ತೆಗೆಯಬಹುದು, ಆದ್ದರಿಂದ ಅವರ ಗಮನವೆಲ್ಲ ಕಣ್ಣಿನ ನರ ಮತ್ತು ರೆಟಿನಾದ ಮೇಲೆ. ನರಕ್ಕೆ 50 ಗ್ರೇವರೆಗೆ ಅಪಾಯ ಬಹಳ ಕಡಿಮೆ, 60 ದಾಟಿದರೆ ಏರುತ್ತದೆ. ಗೆಡ್ಡೆ ನರಕ್ಕೆ ಹತ್ತಿರವಾಗಿದ್ದುದರಿಂದ ಕಿರಣಗಳ ಕೋನವನ್ನು ಮತ್ತೆ ಮತ್ತೆ ಬದಲಿಸಿ ಯೋಜನೆ ಮಾಡಿದರು. ಆ ತಾಳ್ಮೆಗೆ ನಾನು ಋಣಿ.

ವಿಕಿರಣ ಮುಗಿದಾಗ ನನ್ನ ಕಣ್ಣು ಚೆನ್ನಾಗಿತ್ತು. ಒಂದೂವರೆ ವರ್ಷದ ಮೇಲೆ, ಯಾವ ತೊಂದರೆಯೂ ಇಲ್ಲದೆ ಹೋದ ಮಾಮೂಲಿ ಪರೀಕ್ಷೆಯಲ್ಲಿ, ಎಡಗಣ್ಣಿನ ರೆಟಿನಾದಲ್ಲಿ ಸಣ್ಣ ರಕ್ತದ ಚುಕ್ಕೆಗಳೂ ಊತವೂ ಕಂಡವು. ವಿಕಿರಣದಿಂದ ರೆಟಿನಾದ ರಕ್ತನಾಳಗಳು ಹಾಳಾಗುವುದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದಂತೆ, ಇನ್ನೂ ತಡವಾಗಿಯೂ ಬರಬಹುದಂತೆ. ಊತ ಇಳಿಸಲು ಕಣ್ಣೊಳಗೆ ಚುಚ್ಚುಮದ್ದು ಕೊಟ್ಟರು, ಅದನ್ನು ಆಗಾಗ ಪುನರಾವರ್ತಿಸುತ್ತಾರೆ. ಓದುವಷ್ಟು ದೃಷ್ಟಿ ಉಳಿದಿದೆ. ಚಿಕಿತ್ಸೆ ಮುಗಿದೊಡನೆ ಕಣ್ಣಿನ ಕಡತವನ್ನು ಮುಚ್ಚಿಡುವವರನ್ನು ಕಂಡರೆ ನನಗೆ ತಳಮಳವಾಗುವುದು ಈ ಕಾರಣಕ್ಕೆ.

ಹಳೆಯಓದುಗ:
ತಿಳಿಸಿದ್ದಕ್ಕೆ ಧನ್ಯವಾದ. ನನಗೆ ಇದು ಗೊತ್ತಿರಲಿಲ್ಲ.

ಬಿಳಿಮೋಡ:
ಕಸಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ರಕ್ತದ ಕ್ಯಾನ್ಸರಿಗೆ ನನ್ನ ತಂಗಿಯಿಂದ ಮೂಳೆಮಜ್ಜೆ ಪಡೆದಿದ್ದೇನೆ. ಕಸಿಯಾದ ಜೀವಕೋಶಗಳು ನನ್ನ ದೇಹವನ್ನೇ ಪರಕೀಯವೆಂದು ತಿಳಿದು ಕಣ್ಣೀರಿನ ಗ್ರಂಥಿಗಳನ್ನು ಹಾಳುಮಾಡಿದವು. ನಸುಕು ಅವರಿಗೆ ನೀರು ಹೆಚ್ಚಾದರೆ ನನಗೆ ನೀರೇ ಇಲ್ಲ. ಕೆಳರೆಪ್ಪೆಯ ಒಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಅದು 10 ಮಿಲಿಮೀಟರಿನಷ್ಟಾದರೂ ಒದ್ದೆಯಾಗಬೇಕು, ನನ್ನದು ತುದಿಯಲ್ಲಿ ಮಾತ್ರ ಒದ್ದೆಯಾಗಿತ್ತು. ಬೆಳಿಗ್ಗೆ ಎದ್ದಾಗ ರೆಪ್ಪೆ ಗುಡ್ಡೆಗೆ ಅಂಟಿರುತ್ತದೆ. ಒಮ್ಮೆಲೇ ತೆರೆದರೆ ಕಾರ್ನಿಯಾದ ಮೇಲ್ಪದರ ಕಿತ್ತುಬರುತ್ತದೆ, ಆದ್ದರಿಂದ ಮೊದಲು ಮುಚ್ಚಿದ ಕಣ್ಣಿನ ಮೂಲೆಗೆ ಹನಿ ಬಿಟ್ಟು, ಅದು ಒಳಗೆ ಇಳಿಯುವವರೆಗೆ ಕಾದು, ನಿಧಾನವಾಗಿ ತೆರೆಯುತ್ತೇನೆ.

ನನ್ನ ರಕ್ತದಿಂದಲೇ ತಯಾರಿಸಿದ ಸೀರಮ್ ಹನಿ, ಸೈಕ್ಲೋಸ್ಪೋರಿನ್ ಹನಿ, ಇರುವ ಕಣ್ಣೀರು ಇಳಿದುಹೋಗದಂತೆ ರಂಧ್ರಕ್ಕೆ ಬಿರಡೆ, ಎಲ್ಲವನ್ನೂ ಮಾಡಿದ್ದಾರೆ. ನಿಜವಾಗಿ ಬದುಕನ್ನು ಮರಳಿಸಿದ್ದು ಸ್ಕ್ಲೆರಲ್ ಲೆನ್ಸ್. ಅದು ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್, ಅದರ ಅಡಿಯಲ್ಲಿ ಉಪ್ಪುನೀರು ನಿಂತು ಕಾರ್ನಿಯಾ ಇಡೀ ದಿನ ಒದ್ದೆಯಾಗಿರುತ್ತದೆ. ಅದನ್ನು ಹಾಕಿದ ಮೊದಲ ದಿನ ನನ್ನ ಮಗಳ ಮುಖದ ಮೇಲಿನ ಸಣ್ಣ ಮಚ್ಚೆ ಕಂಡಿತು.

ಹೊಂಗೆನೆರಳು:
ಬಿಳಿಮೋಡ ಅವರು ಬರೆದದ್ದನ್ನು ಕಸಿಯಾದ ಪ್ರತಿಯೊಬ್ಬರೂ ಓದಬೇಕು. ಇನ್ನೊಂದು ಮಾತು: ಕಣ್ಣಿನ ಒಣಗುವಿಕೆ ಹೆಚ್ಚಾದಾಗ ಕೆಲವರಲ್ಲಿ ಕೆರಳಿಕೆಯಿಂದಲೇ ನೀರು ಸುರಿಯುತ್ತದೆ. ನೀರು ಬರುತ್ತಿದೆ, ಹಾಗಾದರೆ ಒಣಗಿಲ್ಲ ಎಂದು ತಿಳಿಯುವಂತಿಲ್ಲ.

ಗುಬ್ಬಿಗೂಡು:
ನನ್ನ ಮಗನಿಗೆ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಕೊಡುತ್ತಿದ್ದಾರೆ. ಎರಡೂ ರೆಪ್ಪೆಗಳು ಜೋತುಬಿದ್ದಿವೆ, ತಲೆ ಎತ್ತಿ ನೋಡುತ್ತಾನೆ. ಶಾಲೆಯವರು ಮಗು ನಿದ್ದೆಗಣ್ಣಿನಲ್ಲಿದೆ ಎಂದು ಹೇಳಿ ಕಳಿಸಿದರು. ವೈದ್ಯರು ಇದು ನರದ ಮೇಲಿನ ಪರಿಣಾಮ ಎಂದಿದ್ದಾರೆ. ಸರಿಹೋಗುತ್ತದೆಯೇ?

ಮರಳುದಂಡೆ:
ನನ್ನ ಪಕ್ಕದ ಮನೆಯ ಮಗುವಿಗೂ ಹೀಗೆಯೇ ಆಗಿತ್ತು, ಔಷಧ ಮುಗಿದ ಕೆಲವು ತಿಂಗಳಲ್ಲಿ ರೆಪ್ಪೆ ಮೇಲೆದ್ದಿತು. ಬಹುಪಾಲು ಮಕ್ಕಳಲ್ಲಿ ಹೀಗೆ ಚೇತರಿಸಿಕೊಳ್ಳುತ್ತದೆ ಎಂದು ಅವರ ವೈದ್ಯರು ಹೇಳಿದ್ದರು.

ಹೊಂಗೆನೆರಳು:
ಗುಬ್ಬಿಗೂಡು ಅವರೇ, ಚೇತರಿಕೆಯ ಮಾತು ನಿಜ. ಆದರೂ ಮಗುವಿನ ವಯಸ್ಸು ಚಿಕ್ಕದಾಗಿದ್ದು ರೆಪ್ಪೆ ಪಾಪೆಯನ್ನೇ ಮುಚ್ಚುವಷ್ಟು ಇಳಿದಿದ್ದರೆ, ಆ ಕಣ್ಣು ನೋಡುವುದನ್ನೇ ಕಲಿಯದೆ ದುರ್ಬಲವಾಗಬಹುದು. ಆದ್ದರಿಂದ ಮಕ್ಕಳ ಕಣ್ಣಿನ ವೈದ್ಯರಿಗೆ ಒಮ್ಮೆ ತೋರಿಸಿ. ಶಾಲೆಯವರಿಗೆ ವೈದ್ಯರಿಂದಲೇ ಒಂದು ಪತ್ರ ಬರೆಸಿ ಕೊಡಿ, ಮಗುವೇ ಪದೇಪದೇ ವಿವರಿಸುವಂತಾಗಬಾರದು.

ದಾರಿಹೋಕ:
ಉರಿಗೆ ನಾನು ಮೆಡಿಕಲ್ ಸ್ಟೋರಿನಿಂದ ಹನಿ ತಂದು ಹಾಕುತ್ತಿದ್ದೆ, ತಕ್ಷಣ ಹಾಯೆನಿಸುತ್ತಿತ್ತು. ಅಷ್ಟಕ್ಕೂ ವೈದ್ಯರ ಬಳಿ ಓಡಬೇಕೇ?

ಕಲ್ಲುಹೂವು:
ಯಾವ ಹನಿ ಎಂಬುದೇ ಪ್ರಶ್ನೆ, ಸರ್. ಕೃತಕ ಕಣ್ಣೀರು ಬೇರೆ. ಕೆಂಪು ತೆಗೆಯುವ ಹನಿ ಬೇರೆ, ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ನಿಲ್ಲಿಸಿದಾಗ ಕೆಂಪು ಮೊದಲಿಗಿಂತ ಹೆಚ್ಚಾಗುತ್ತದೆ. ಸ್ಟೀರಾಯ್ಡ್ ಬೆರೆತ ಹನಿ ಇನ್ನೂ ಬೇರೆ. ಹಾಕಿದೊಡನೆ ಹಾಯೆನಿಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ, ಆದರೆ ಕಣ್ಣಿನ ಒತ್ತಡ ಏರಿಸುತ್ತದೆ, ಸೋಂಕಿದ್ದರೆ ಅದನ್ನು ಬೆಳೆಸುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿರುವವರು ಮನೆಯಲ್ಲಿ ಉಳಿದಿದ್ದ ಹಳೆಯ ಸೀಸೆಯನ್ನು ಮುಟ್ಟಲೇಬಾರದು.

ನೀಲಿಶಾಯಿ:
ಸೈಟರಾಬಿನ್ ಎಂಬ ಕೀಮೋ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಡುವಾಗ ವೈದ್ಯರೇ ಸ್ಟೀರಾಯ್ಡ್ ಹನಿ ಹಾಕಿಸುತ್ತಾರಲ್ಲ?

ಕಲ್ಲುಹೂವು:
ಹೌದು, ಆ ಔಷಧ ಕಣ್ಣೀರಿಗೆ ಬಂದು ಕಾರ್ನಿಯಾವನ್ನು ಸುಡದಂತೆ ಮುಂಚಿನಿಂದಲೇ ಹಾಕಿಸುತ್ತಾರೆ. ಅದು ಅಳತೆಯಿಟ್ಟು, ಇಂತಿಷ್ಟೇ ದಿನವೆಂದು, ಅವರ ಕಣ್ಣಳವಿಯಲ್ಲೇ ಕೊಡುವುದು. ನಾವಾಗಿಯೇ ತಂದು ಹಾಕಿಕೊಳ್ಳುವುದಕ್ಕೆ ಅದು ಸಮರ್ಥನೆಯಾಗದು.

ಹೊಂಗೆನೆರಳು:
ಕೃತಕ ಕಣ್ಣೀರನ್ನು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕುವವರು ಸಂರಕ್ಷಕ ಸೇರಿಸದ ಹನಿಯನ್ನೇ ಕೇಳಿ ಪಡೆಯಿರಿ. ಸೀಸೆಯ ತುದಿ ರೆಪ್ಪೆಗೆ ತಾಗಬಾರದು. ಕೀಮೋ ಕಾಲದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ವೈದ್ಯರು ಹೇಳಿದ ಹೊರತು ಅದನ್ನು ಬಿಟ್ಟು ಕನ್ನಡಕಕ್ಕೆ ಬರುವುದು ಒಳ್ಳೆಯದು.

ನಸುಕು:
ಎಲ್ಲರಿಗೂ ವಿಷಯ ತಿಳಿಸಬೇಕು. ಕ್ಯಾನ್ಸರ್ ವೈದ್ಯರಿಗೆ ಹೇಳಿದೆ. ಅವರು ಡೋಸ್ ವಿಚಾರವನ್ನೇ ಎತ್ತಲಿಲ್ಲ, ಅಂದೇ ಕಣ್ಣಿನ ವೈದ್ಯರಿಗೆ ಬರೆದುಕೊಟ್ಟರು. ರಂಧ್ರಗಳು ಕಿರಿದಾಗಿವೆ, ಆದರೆ ನಾಳ ತೆರೆದಿದೆ. ಗಂಟಲಿಗೆ ಉಪ್ಪು ಇಳಿದಾಗ ಆದ ಸಂತೋಷವನ್ನು ತುಂಬೆಹೂ ಮಾತ್ರ ಬಲ್ಲರು. ಊತ ಇಳಿಸುವ ಹನಿ ಕೊಟ್ಟಿದ್ದಾರೆ, ಪ್ರತಿ ಕೀಮೋಗೆ ಮುಂಚೆ ನಾಳ ಪರೀಕ್ಷಿಸುತ್ತಾರೆ, ಮತ್ತೆ ಕಿರಿದಾದರೆ ಕೊಳವೆ ಹಾಕುತ್ತಾರಂತೆ. ಒತ್ತಡ ಬಲಗಣ್ಣಿನಲ್ಲಿ 24, ಎಡಗಣ್ಣಿನಲ್ಲಿ 23. ಸ್ಟೀರಾಯ್ಡ್ ಪರಿಣಾಮವಿರಬಹುದೆಂದು ಸದ್ಯಕ್ಕೆ ಗಮನದಲ್ಲಿಟ್ಟಿದ್ದಾರೆ. ಮಾತ್ರೆಯ ದಿನ ಮಧ್ಯಾಹ್ನ ಸಕ್ಕರೆ ನೋಡಿದರೆ ನಿಜವಾಗಿಯೂ ಏರಿತ್ತು. ಮಸೂರದ ಹಿಂಭಾಗದಲ್ಲಿ ಪೊರೆಯ ಸಣ್ಣ ಆರಂಭವೂ ಇದೆಯಂತೆ. ಅದನ್ನು ಕೇಳಿ ಮನಸ್ಸು ಕುಗ್ಗಿತು.

ತುಂಬೆಹೂ:
ನಾಳ ತೆರೆದಿದೆ ಎಂಬ ಮಾತು ಓದಿ ನನ್ನ ಎದೆ ಹಗುರವಾಯಿತು, ಅಕ್ಕ.

ಕಲ್ಲುಹೂವು:
ಪೊರೆಯ ಬಗ್ಗೆ ಕುಗ್ಗಬೇಡಿ. ಇಲ್ಲಿ ಬಂದಿರುವ ತೊಂದರೆಗಳಲ್ಲೆಲ್ಲ ಅದಕ್ಕೇ ಪರಿಹಾರ ಅತ್ಯಂತ ಖಚಿತ. ಆರಂಭದ ಪೊರೆ ಹಾಗೆಯೇ ನಿಲ್ಲಲೂಬಹುದು. ಬೆಳೆದರೆ, ಕೀಮೋ ಮುಗಿದು ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಚೇತರಿಸಿಕೊಂಡ ಮೇಲೆ ತೆಗೆದು ಕೃತಕ ಮಸೂರ ಇಡುತ್ತಾರೆ. ಆದರೆ ನಂಬರ್ ಸ್ಥಿರವಾಗುವವರೆಗೆ ಮಸೂರದ ಅಳತೆ ತೆಗೆಯಲು ಅವಸರ ಮಾಡಬೇಡಿ. ಅಲ್ಲಿಯವರೆಗೆ ಅಗಲ ಅಂಚಿನ ಟೋಪಿಯೂ ತಂಪು ಕನ್ನಡಕವೂ ನಿಜಕ್ಕೂ ನೆರವಾಗುತ್ತವೆ.

ಹಳೆಯಓದುಗ:
ರಾತ್ರಿ ವಾಹನ ಓಡಿಸುವುದನ್ನು ಸದ್ಯಕ್ಕೆ ಬೇರೆಯವರಿಗೆ ಬಿಡಿ. ಎದುರಿನ ದೀಪ ಹರಡಿಕೊಂಡು ಕಂಡರೆ ರಸ್ತೆಯ ಅಂಚು ಕಾಣುವುದಿಲ್ಲ.

ಕಡಲಹಕ್ಕಿ:
ನಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಶ್ವಾಸಕೋಶದ ಕ್ಯಾನ್ಸರಿಗೆ ಪೆಂಬ್ರೊಲಿಜುಮ್ಯಾಬ್ ನಡೆಯುತ್ತಿದೆ. ಎರಡು ದಿನದಿಂದ ಸಂಜೆಯಾಗುತ್ತಲೇ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ, ಬಲಗಣ್ಣಿನ ರೆಪ್ಪೆ ಇಳಿಯುತ್ತದೆ. ಬೆಳಿಗ್ಗೆ ಸರಿಯಿರುತ್ತದೆ. ಕನ್ನಡಕದ ದೋಷವೆಂದು ಅವರು ಹೇಳುತ್ತಿದ್ದಾರೆ.

ಹೊಂಗೆನೆರಳು:
ಒಂದು ಕಣ್ಣು ಮುಚ್ಚಿದರೆ ಎರಡಾಗಿ ಕಾಣುವುದು ನಿಲ್ಲುತ್ತದೆಯೇ?

ಕಡಲಹಕ್ಕಿ:
ಹೌದು. ಯಾವ ಕಣ್ಣು ಮುಚ್ಚಿದರೂ ನಿಲ್ಲುತ್ತದೆ.

ಹೊಂಗೆನೆರಳು:
ಹಾಗಾದರೆ ಇದು ಕನ್ನಡಕದ ಅಥವಾ ಪೊರೆಯ ದೋಷವಾಗಿರುವ ಸಾಧ್ಯತೆ ಬಹಳ ಕಡಿಮೆ. ಅವುಗಳಲ್ಲಿ ಒಂದೇ ಕಣ್ಣಿನಿಂದ ನೋಡಿದರೂ ಎರಡಾಗಿ ಕಾಣುತ್ತದೆ. ಎರಡೂ ಕಣ್ಣು ಒಟ್ಟಿಗೆ ಸಾಗದಿದ್ದಾಗ ಹೀಗಾಗುತ್ತದೆ. ಪೆಂಬ್ರೊಲಿಜುಮ್ಯಾಬ್ ರೋಗನಿರೋಧಕ ವ್ಯವಸ್ಥೆಯ ಕಡಿವಾಣ ಸಡಿಲಿಸುವ ಔಷಧ. ಅಪರೂಪಕ್ಕೆ ಆ ವ್ಯವಸ್ಥೆ ನರ ಮತ್ತು ಸ್ನಾಯು ಸೇರುವ ಜಾಗದ ಮೇಲೆಯೇ ತಿರುಗಿಬೀಳುತ್ತದೆ. ದಿನ ಕಳೆದಂತೆ ರೆಪ್ಪೆ ಇಳಿಯುವುದು, ಸಂಜೆಗೆ ಹೆಚ್ಚಾಗುವುದು ಅದರ ಲಕ್ಷಣ. ನಾಳೆಗೆ ಇಡಬೇಡಿ, ಕ್ಯಾನ್ಸರ್ ವಿಭಾಗದ ತುರ್ತು ಸಂಖ್ಯೆಗೆ ಈಗಲೇ ಕರೆಮಾಡಿ, ಔಷಧದ ಹೆಸರನ್ನು ಮೊದಲು ಹೇಳಿ. ನುಂಗಲು ಕಷ್ಟವೇ, ಉಸಿರು ಸಾಲದೇ, ದನಿ ಕುಗ್ಗಿದೆಯೇ ಎಂದು ನೋಡಿ. ಇವುಗಳಲ್ಲಿ ಒಂದಿದ್ದರೂ ಕರೆಗೆ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ಬಿಳಿಮೋಡ:
ಕಡಲಹಕ್ಕಿ ಅಕ್ಕ, ಔಷಧಗಳ ಚೀಟಿಯನ್ನೂ ಕೊನೆಯ ಡೋಸ್ ಕೊಟ್ಟ ದಿನಾಂಕವನ್ನೂ ಕೈಯಲ್ಲಿಟ್ಟುಕೊಳ್ಳಿ. ರಾತ್ರಿ ಕರ್ತವ್ಯದಲ್ಲಿರುವವರಿಗೆ ನಿಮ್ಮವರ ಕಡತ ತಕ್ಷಣ ಸಿಗದಿರಬಹುದು.

ಕಡಲಹಕ್ಕಿ:
ಕರೆ ಮಾಡಿದೆ. ಉಸಿರಾಟ ಸರಿಯಿದೆ, ಆದರೆ ಮಾತ್ರೆ ನುಂಗುವಾಗ ಗಂಟಲಲ್ಲಿ ಸಿಕ್ಕಿದಂತಾಗುತ್ತದೆ ಎಂದು ಈಗ, ನಾನು ಕೇಳಿದ ಮೇಲೆ, ಹೇಳುತ್ತಿದ್ದಾರೆ. ಅದನ್ನು ಕೇಳಿದ ಕೂಡಲೇ ಕರೆತನ್ನಿ ಎಂದರು.

ಕಡಲಹಕ್ಕಿ:
ದಾಖಲಿಸಿಕೊಂಡಿದ್ದಾರೆ. ರಕ್ತಪರೀಕ್ಷೆಗೆ ಕಳಿಸಿದ್ದಾರೆ, ಹೃದಯದ ಸ್ನಾಯುವಿಗೂ ಊತ ಬಂದಿದೆಯೇ ಎಂದು ಇಸಿಜಿ ಮಾಡಿದರು, ಉಸಿರಿನ ಬಲವನ್ನು ಆಗಾಗ ಅಳೆಯುತ್ತಿದ್ದಾರೆ. ಮುಂದಿನ ಡೋಸ್ ತಡೆಹಿಡಿದಿದ್ದಾರೆ, ನರರೋಗ ತಜ್ಞರು ಬಂದು ನೋಡಿ ಸ್ಟೀರಾಯ್ಡ್ ಶುರುಮಾಡಿದ್ದಾರೆ. ಹೊಂಗೆನೆರಳು ಅವರೇ, ಸ್ಟೀರಾಯ್ಡ್ ಬಹಳ ದಿನ ನಡೆಯಬಹುದು ಎಂದಿದ್ದಾರೆ. ಹಾಗಾದರೆ ಕಣ್ಣಿನ ಒತ್ತಡವನ್ನು ಎಷ್ಟು ದಿನಕ್ಕೊಮ್ಮೆ ನೋಡಿಸಬೇಕು?

ಹೊಂಗೆನೆರಳು:
ಈಗ ಒಮ್ಮೆ ನೋಡಿಸಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಸ್ಟೀರಾಯ್ಡ್‌ನಿಂದ ಒತ್ತಡ ಏರುವುದಿದ್ದರೆ ಹೆಚ್ಚಾಗಿ ಕೆಲವು ವಾರಗಳಲ್ಲಿ ಏರುತ್ತದೆ, ಆದ್ದರಿಂದ ಒಂದು ತಿಂಗಳೊಳಗೆ ಮತ್ತೊಮ್ಮೆ ನೋಡಿಸಿ. ಆಮೇಲಿನ ಅಂತರವನ್ನು ಆ ಎರಡು ಅಂಕಿ ನೋಡಿ ವೈದ್ಯರು ಹೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಇದ್ದರೆ ಅದನ್ನು ಮರೆಯದೆ ತಿಳಿಸಿ. ಎರಡಾಗಿ ಕಾಣುವುದು ಹೋಗುವವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಡೆಯಲಿ, ಮೆಟ್ಟಿಲು ಇಳಿಯುವಾಗ ನೀವು ಜೊತೆಯಲ್ಲಿರಿ.